ಒಂಬತ್ತು ಬಾಗುಗಳ ಕೆರಿಸ್ ಪತ್ತೆ ಪ್ರಕರಣ

ವರ್ಜೀನಿಯಾ ರಾಜ್ಯದ ಹರ್ನ್‌ಡನ್ ಪಟ್ಟಣದ ನಿವಾಸಿಯಾದ ವನಜಾ ಸತೀಶ್ ಎಂಬ ನಾನು, 2020ನೇ ಇಸವಿಯಲ್ಲಿ ಅಲ್ಲಿನ ಒಂದು ಸಣ್ಣ ಹರಾಜು ಸಂಸ್ಥೆಯಲ್ಲಿ ಕ್ಯಾಟಲಾಗರ್ ಹುದ್ದೆಯಲ್ಲಿದ್ದಾಗ ನಡೆದ ಒಂದು ಪ್ರಕರಣವನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಇದಕ್ಕೆ ಮುಂಚೆ ನಾನು ಬರೆದು ಅಚ್ಚಾದದ್ದೆಂದರೆ ವಸ್ತುಗಳ ವಿವರಣೆ ಮಾತ್ರ. ‘ಹಿತ್ತಾಳೆಯ ದೀಪ, ಒಂದು, ಬುಡ ತುಸು ನೆಗ್ಗಿದೆ’ ಎಂಬಂಥವು. ಆದಕಾರಣ ಈ ಬರಹದಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಮನ್ನಿಸಬೇಕಾಗಿ ಮೊದಲಿಗೇ ಕೋರುತ್ತೇನೆ.

ಕ್ಯಾಟಲಾಗರ್ ಎಂದರೆ ಹರಾಜಿಗೆ ಬರುವ ಪ್ರತಿಯೊಂದು ವಸ್ತುವನ್ನು ಅಳೆದು, ನೋಡಿ, ಅದು ಏನು, ಎಲ್ಲಿಯದು, ಯಾವ ಸ್ಥಿತಿಯಲ್ಲಿದೆ ಎಂದು ನಾಲ್ಕಾರು ಸಾಲಿನಲ್ಲಿ ಬರೆಯುವವರು. ಊರಿನಲ್ಲಿದ್ದಾಗ ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿದ್ದ ನನಗೆ ಈ ಕೆಲಸ ಒಗ್ಗಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಕಚೇರಿ ಮುಚ್ಚಿದಾಗ, ನಮ್ಮ ವ್ಯವಸ್ಥಾಪಕರಾದ ಗ್ರೆಗ್ ಅವರು ವಸ್ತುಗಳನ್ನೇ ನೌಕರರ ಮನೆಗಳಿಗೆ ಕಳುಹಿಸುವ ಏರ್ಪಾಡು ಮಾಡಿದರು. ನಮ್ಮ ಟೌನ್‌ಹೌಸಿನ ಊಟದ ಮೇಜು ಕಚೇರಿಯಾಯಿತು. ಐ.ಟಿ. ಕಾಂಟ್ರ್ಯಾಕ್ಟರ್ ಆದ ನನ್ನ ಪತಿ ಸತೀಶ್ ಮಹಡಿಯ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೀಟಿಂಗುಗಳಲ್ಲಿರುತ್ತಿದ್ದರು. ಮನೆಯ ಮೂರನೆಯ ಸದಸ್ಯರು ನನ್ನ ಅತ್ತೆಯವರಾದ ಪದ್ಮಾವತಮ್ಮ, ವಯಸ್ಸು ಎಪ್ಪತ್ತೊಂದು. ಅವರು ಮೂರು ತಿಂಗಳಿಗೆಂದು ಜನವರಿಯಲ್ಲಿ ಮೈಸೂರಿನಿಂದ ಬಂದಿದ್ದು, ವಿಮಾನಗಳು ನಿಂತುಹೋದ ಪ್ರಯುಕ್ತ ಅವರ ವಾಸ್ತವ್ಯವು ಅನಿರ್ದಿಷ್ಟ ಅವಧಿಗೆ ವಿಸ್ತರಣೆಯಾಗಿತ್ತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಗ್ರೆಗ್ ನಮ್ಮ ಬಾಗಿಲಲ್ಲಿ ಒಂದು ಉದ್ದನೆಯ ಪೆಟ್ಟಿಗೆಯನ್ನಿಟ್ಟು, ಕಾರಿನೊಳಗೆ ಕುಳಿತೇ ಫೋನ್ ಮಾಡಿದರು. “ಹನ್ನೊಂದು ಚಾಕು, ವನಜಾ. ಸುಲಭದ ಕೆಲಸ. ಎರಡು ವಾರ ಸಾಕು” ಎಂದರು. ಪೆಟ್ಟಿಗೆ ಬಿಚ್ಚಿದಾಗ ಅತ್ತೆಯವರು ಅಡುಗೆಮನೆಯಿಂದ ಇಣುಕಿದರು.

“ಏನೇ ಇದು? ಯಾರ ಮೇಲೆ ಯುದ್ಧಕ್ಕೆ ಹೋಗ್ತಿದೀಯಾ?”

“ಆಫೀಸಿಂದು ಅತ್ತೆ. ದಯವಿಟ್ಟು ಮುಟ್ಬೇಡಿ.”

“ನಾನ್ಯಾಕೆ ಮುಟ್ಲಿ? ಯಾವನ ರಕ್ತ ಹತ್ತಿದೆಯೋ ಏನೋ.”

ಅವು ಚಾಕುಗಳಾಗಿರಲಿಲ್ಲ. ಕೆರಿಸ್ ಎಂಬ ಮಲಯ ಕಠಾರಿಗಳು. ಮಲೇಷ್ಯಾ, ಇಂಡೋನೇಷ್ಯಾ ಭಾಗಗಳಲ್ಲಿ ತಂದೆಯಿಂದ ಮಗನಿಗೆ, ಅಜ್ಜನಿಂದ ಮೊಮ್ಮಗಳಿಗೆ ಬರುವ ವಸ್ತು. ಆಯುಧವೆನ್ನುವುದಕ್ಕಿಂತ ಮನೆಯ ಹಿರಿಯರಲ್ಲಿ ಒಬ್ಬರು ಎನ್ನಬಹುದು. ಸದರಿ ಹನ್ನೊಂದನ್ನು ಪಕ್ಕದ ರೆಸ್ಟನ್‌ನಲ್ಲಿ ವಾಸವಾಗಿದ್ದು ಆ ವರ್ಷವೇ ತೀರಿಕೊಂಡ ಒಬ್ಬ ಸಂಗ್ರಾಹಕರ ಮನೆಯಿಂದ ತರಲಾಗಿತ್ತು. ಅವರಿಗೆ ಒಂದು ಅಭ್ಯಾಸವಿತ್ತೆಂದು ನಂತರ ತಿಳಿದುಬಂತು: ಒಂದು ಕೆರಿಸಿನ ಹಿಡಿಯನ್ನು ಇನ್ನೊಂದಕ್ಕೆ, ಇನ್ನೊಂದರ ಒರೆಯನ್ನು ಮತ್ತೊಂದಕ್ಕೆ ಬದಲಾಯಿಸಿ, ಚೆಂದ ಕಂಡಂತೆ ಜೋಡಿಸುವುದು. ಹೀಗಾಗಿ ಹಿಡಿ ಮತ್ತು ಒರೆಗಳನ್ನು ನೋಡಿ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಅಲಗುಗಳೋ, ಹನ್ನೊಂದೂ ತುಕ್ಕು ಹಿಡಿದು ಒಂದೇ ಕಂದು ಬಣ್ಣಕ್ಕೆ ಬಂದಿದ್ದವು.

ಮೂರನೆಯ ದಿನ ಗ್ರೆಗ್ ಒಂದು ಪತ್ರವನ್ನು ರವಾನಿಸಿದರು. ಬರೆದವರು ಅಟ್ಲಾಂಟಾದಲ್ಲಿ ನರ್ಸ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತರಾದ, ಮಲೇಷ್ಯಾ ಮೂಲದ ಶ್ರೀಮತಿ ರೋಹಾನಾ. ಆ ಹನ್ನೊಂದರಲ್ಲಿ ಒಂದು ತಮ್ಮ ತಂದೆಯದೆಂದೂ, ಅದನ್ನು 2003ರಲ್ಲಿ ಒಂದು ಪ್ರದರ್ಶನಕ್ಕಾಗಿ ರೆಸ್ಟನ್‌ನವರಿಗೆ ಎರವಲು ಕೊಟ್ಟಿದ್ದಾಗಿಯೂ ಅವರು ತಿಳಿಸಿದ್ದರು. ‘ಒಂದು ಕೆರಿಸ್ ತಲುಪಿದೆ’ ಎಂಬ ಸಂಗ್ರಾಹಕರ ಸ್ವಹಸ್ತದ ರಸೀದಿಯ ನಕಲೂ ಲಗತ್ತಾಗಿತ್ತು. ನಾನು ಫೋನ್ ಮಾಡಿದೆ. ನಮ್ಮ ಸಂಭಾಷಣೆ ಇಂಗ್ಲಿಷಿನಲ್ಲಿ ನಡೆದಿದ್ದು, ಅದನ್ನು ಕನ್ನಡಿಸಿ ನೀಡುತ್ತಿದ್ದೇನೆ.

“ಒಂದು ವಾರಕ್ಕೆ ಅಂತ ಕೊಟ್ಟೆ ಮಗಳೇ. ಕೇಳಿದಾಗಲೆಲ್ಲ ‘ಮುಂದಿನ ತಿಂಗಳು ಖಂಡಿತ’ ಅನ್ನೋರು. ಹದಿನೇಳು ವರ್ಷ ಅಂದರು. ಬಹಳ ಮರ್ಯಾದಸ್ಥ ಮನುಷ್ಯ, ಒಂದು ದಿನವೂ ‘ಕೊಡಲ್ಲ’ ಅನ್ನಲಿಲ್ಲ” ಎಂದು ನಕ್ಕರು. ಆಮೇಲೆ, “ಅಪ್ಪನದು ಅಂತ ನನ್ನ ಹತ್ತಿರ ಇನ್ನೇನೂ ಇಲ್ಲ. ಅದೊಂದೇ. ನೋಡಿ ಹೇಳ್ತೀರಲ್ಲ?” ಎಂದರು.

ಸಂಗ್ರಾಹಕರ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ವಕೀಲರು ಒಂದು ಷರತ್ತು ವಿಧಿಸಿದ್ದರು. ಫೋಟೋ ತೋರಿಸಿದರೆ ಯಾರು ಬೇಕಾದರೂ ಯಾವುದನ್ನಾದರೂ ತಮ್ಮದೆನ್ನಬಹುದು. ಆದ್ದರಿಂದ ಆಕೆಗೆ ಫೋಟೋ ತೋರಿಸತಕ್ಕದ್ದಲ್ಲ. ಆಕೆ ತನ್ನ ಬಳಿಯಿರುವ ವಿವರ ಕೊಡಲಿ. ಆ ವಿವರಕ್ಕೆ ಒಂದೇ ಒಂದು ಕೆರಿಸ್ ಹೊಂದಿದಲ್ಲಿ ಅದನ್ನು ಹಿಂತಿರುಗಿಸಲಾಗುವುದು. ಅಕ್ಟೋಬರ್ ಕೊನೆಯೊಳಗೆ ಹೊಂದದಿದ್ದಲ್ಲಿ ಹನ್ನೊಂದೂ ಹರಾಜಾಗುವವು. ರೋಹಾನಾ ಅವರ ಬಳಿ ಇದ್ದದ್ದು ಅವರ ತಂದೆ ಪುಸ್ತಕದ ಹಾಳೆಯೊಂದರಲ್ಲಿ ಬರೆದಿಟ್ಟಿದ್ದ ಒಂದೇ ಸಾಲು: ‘ಸೆಂಪಾನಾ, ಒಂಬತ್ತು ಲೊಕ್, ಪಾಮೋರ್ ಚೆಲ್ಲಿದ ಅಕ್ಕಿ.’

ಈ ಸಾಲಿನ ಮೂರು ಮಲಯ ಪದಗಳಲ್ಲಿ ಒಂದೂ ನನಗೆ ಅರ್ಥವಾಗಲಿಲ್ಲ. ಆಗಸ್ಟ್ ಪೂರ್ತಿ ನಾನು ಅಧ್ಯಯನದಲ್ಲಿ ತೊಡಗಿದೆ. ಗ್ರಂಥಾಲಯಗಳು ಮುಚ್ಚಿದ್ದರಿಂದ ಮ್ಯೂಸಿಯಂಗಳ ವೆಬ್‌ಸೈಟುಗಳಲ್ಲಿದ್ದ ಚಿತ್ರಗಳನ್ನು ನೋಡಿ ನೋಟ್ ಪುಸ್ತಕದಲ್ಲಿ ಪೆನ್ಸಿಲಿನಿಂದ ನಕಲು ತೆಗೆದೆ. ತಿಳಿದುಬಂದ ಅಂಶಗಳನ್ನು ಸರಳವಾಗಿ ನಿವೇದಿಸುವುದಾದರೆ: ನೇರವಾದ ಅಲಗಿಗೆ ಸೆಪುಕಾಲ್ ಎನ್ನುತ್ತಾರೆ. ಉದ್ದವಾಗಿ ಸಪೂರವಾಗಿ ಕೋಲಿನಂತಿದ್ದರೆ ಪಂಜಾಂಗ್. ಹಾವು ಹರಿದಂತೆ ಬಳುಕುವ ಅಲಗುಗಳಲ್ಲಿ ಒಂದು ಬಗೆ ಸೆಂಪಾನಾ. ಬಳುಕಿನ ಒಂದೊಂದು ಬಾಗಿಗೂ ಲೊಕ್ ಎಂದು ಹೆಸರು. ಪಾಮೋರ್ ಎಂದರೆ ಬೇರೆ ಬೇರೆ ಲೋಹಗಳನ್ನು ಮಡಿಸಿ ಬಡಿದಾಗ ಅಲಗಿನ ಮೈಯಲ್ಲಿ ಮೂಡುವ ಚಿತ್ತಾರ. ಅದು ಅಕ್ಕಿ ಚೆಲ್ಲಿದಂತೆ, ನೀರು ಹರಿದಂತೆ, ಹೀಗೆ ನಾನಾ ತೆರನಾಗಿರುತ್ತದೆ. ಕೆಲವು ಅಲಗುಗಳ ಬುಡದಲ್ಲಿ ಪುಟ್ಟದೊಂದು ಕೊಕ್ಕೆಯಿದ್ದು ಅದನ್ನು ಬೆಲಲಾಯ್ ಗಜಾ, ಅಂದರೆ ಆನೆಯ ಸೊಂಡಿಲು ಎನ್ನುತ್ತಾರೆ. ಇದನ್ನು ಅತ್ತೆಯವರಿಗೆ ತಿಳಿಸಿದ್ದು ನನ್ನ ಮೊದಲ ತಪ್ಪು.

“ಗಜ ಅಂದ್ರೆ ನಮ್ ಗಜಾನೇನಾ?”

“ಹೌದತ್ತೆ, ಸಂಸ್ಕೃತದಿಂದ ಹೋಗಿರೋದು.”

“ನೋಡ್ದಾ, ಸೊಂಡಿಲು ಬೇರೆ ಇದೆ. ಮನೇಗೆ ಗಣಪತಿ ಬಂದಿದ್ದಾನೆ, ನೀನು ಬಬಲ್ ರ‍್ಯಾಪ್ ಸುತ್ತಿ ಇಟ್ಟಿದೀಯ.”

ಎರಡನೆಯ ತಪ್ಪು ನನ್ನ ಎಣಿಕೆಯದು. ತುಕ್ಕಿನ ದೆಸೆಯಿಂದ ಚಿತ್ತಾರ ಕಾಣುತ್ತಿರಲಿಲ್ಲವಾದ್ದರಿಂದ ನನ್ನ ಸಮಸ್ತ ಭರವಸೆಯೂ ಲೊಕ್‌ಗಳ ಸಂಖ್ಯೆಯ ಮೇಲಿತ್ತು. ಹನ್ನೊಂದರಲ್ಲಿ ಮೂರು ಸೆಪುಕಾಲ್, ಒಂದು ಪಂಜಾಂಗ್. ಬಳುಕು ಅಲಗಿನವು ಏಳು. ಒಂದೊಂದನ್ನೂ ಬಿಳಿ ಕಾಗದದ ಮೇಲೆ ಮಲಗಿಸಿ, ಮೇಲಂಚಿಗೆ ಸ್ಕೇಲ್ ಹಿಡಿದು, ಆ ಅಂಚಿನಲ್ಲಿ ಎಷ್ಟು ತಗ್ಗುಗಳಿವೆಯೆಂದು ಎಣಿಸಿದೆ. ಅಲಗಿಗೆ ಅಂಚು ಎರಡು. ಆದ್ದರಿಂದ ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿದೆ. ಇದರಿಂದ ಸಮಯ ಉಳಿಯುತ್ತದೆ ಎಂದು ನನಗೆ ಸಮಾಧಾನವೂ ಆಗಿತ್ತು. ದೊರೆತ ಫಲಿತಾಂಶ: ಎಂಟು, ಹತ್ತು, ಆರು, ಎಂಟು, ಹದಿನಾಲ್ಕು, ಆರು, ನಾಲ್ಕು. ಒಂಬತ್ತು ಎಲ್ಲಿಯೂ ಇರಲಿಲ್ಲ. ಎರಡನೆಯ ಬಾರಿ ಅದೇ ವಿಧಾನದಲ್ಲಿ ಎಣಿಸಿದೆ. ಅದೇ ಬಂತು.

ಲೊಕ್‌ಗಳು ಯಾವಾಗಲೂ ಬೆಸ ಸಂಖ್ಯೆಯಲ್ಲಿರುವುದು ರೂಢಿ ಎಂದು ನಾನು ಓದಿದ್ದೆ. ಹಾಗಿರುವಾಗ ಏಳಕ್ಕೆ ಏಳೂ ಸಮಸಂಖ್ಯೆ ಬಂದಾಗ ಯಾರಾದರೂ ತಮ್ಮ ಎಣಿಕೆಯನ್ನು ಅನುಮಾನಿಸುತ್ತಿದ್ದರು. ನಾನು ರೂಢಿಯನ್ನು ಅನುಮಾನಿಸಿದೆ. ಸೆಪ್ಟೆಂಬರ್ ಎರಡನೆಯ ವಾರ ಸಲ್ಲಿಸಿದ ಆರು ಪುಟಗಳ ವರದಿಯಲ್ಲಿ, ಸದರಿ ಸಂಗ್ರಹದಲ್ಲಿ ಸಮಸಂಖ್ಯೆಯ ಲೊಕ್‌ಗಳುಳ್ಳ ಅತ್ಯಪರೂಪದ ಏಳು ಕೆರಿಸ್‌ಗಳಿರುವುದು ಕಂಡುಬಂದಿದೆ ಎಂದು ದಪ್ಪಕ್ಷರದಲ್ಲಿ ಬರೆದೆ. ಕೊನೆಯ ಸಾಲು: ‘ಅರ್ಜಿದಾರರ ವಿವರಕ್ಕೆ ಹೊಂದುವ ವಸ್ತು ಪತ್ತೆಯಾಗಿಲ್ಲ.’

ಗ್ರೆಗ್ ಸಂತೋಷದಿಂದ ಕೂಗಿಯೇಬಿಟ್ಟರು. “ಏಳು ಅಪರೂಪದವಾ! ವನಜಾ, ಇವನ್ನ ಕ್ಯಾಟಲಾಗಿನ ಕವರ್ ಪೇಜಿಗೆ ಹಾಕೋಣ!”

ವಕೀಲರು ರೋಹಾನಾ ಅವರಿಗೆ ವರದಿಯ ಕೊನೆಯ ಸಾಲನ್ನು ಮಾತ್ರ ಕಳುಹಿಸಿದ್ದರು. ಅದನ್ನು ಓದಿ ರೋಹಾನಾ ಅವರೇ ನನಗೆ ಫೋನ್ ಮಾಡಿದರು.

“ಸರಿಯಾಗಿ ನೋಡಿದಿರಾ ಮಗಳೇ?”

“ಎರಡು ಸಲ ಎಣಿಸಿದ್ದೇನೆ, ಮೇಡಂ.”

“ಎರಡು ಸಲ ನೋಡಿದ್ದಕ್ಕೆ ಥ್ಯಾಂಕ್ಸ್” ಎಂದು ಹೇಳಿ ರೋಹಾನಾ ಫೋನ್ ಇಟ್ಟುಬಿಟ್ಟರು. ನನ್ನ ವೃತ್ತಿಜೀವನದಲ್ಲಿ ನನಗೆ ಬಂದಿರುವ ಧನ್ಯವಾದಗಳಲ್ಲಿ ಇಷ್ಟು ಭಾರವಾದದ್ದು ಇನ್ನೊಂದಿಲ್ಲ.

ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಆಯುಧಪೂಜೆಯ ದಿನ ನಮ್ಮಲ್ಲಿ ಸಾಮಾನ್ಯವಾಗಿ ಕಾರಿಗೆ, ಲ್ಯಾಪ್‌ಟಾಪುಗಳಿಗೆ, ಮಿಕ್ಸಿಗೆ ಕುಂಕುಮ ಹಚ್ಚುವುದಿತ್ತು. ನಾನು ಬೆಳಿಗ್ಗೆ ದಿನಸಿ ತರಲು ಹೋಗಿ ಒಂದು ಗಂಟೆಯ ನಂತರ ಹಿಂತಿರುಗಿದಾಗ, ಅಡುಗೆಮನೆಯ ಸಿಂಕಿನಲ್ಲಿ ಅತ್ತೆಯವರು ಒಂದು ಕೆರಿಸನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಕೈಯಲ್ಲಿದ್ದ ಚೀಲ ಕೆಳಗೆ ಬಿದ್ದು ಆಲೂಗಡ್ಡೆಗಳು ಉರುಳಿದವು.

“ಅತ್ತೇ! ಏನ್ ಮಾಡ್ತಿದೀರಾ?”

“ಕೂಗ್ಬೇಡ, ಮೇಲೆ ಸತೀಶಂಗೆ ಕ್ಲೈಂಟ್ ಕಾಲ್ ಇದೆ.”

“ಅದು ನಮ್ದಲ್ಲ ಅತ್ತೆ! ಅದನ್ನ ತೊಳೆಯೋ ಹಾಗಿಲ್ಲ!”

“ಮತ್ತೆ ಕೊಳಕಾಗಿರೋದಕ್ಕೆ ಪೂಜೆ ಮಾಡೋ ಹಾಗಿದ್ಯಾ? ಡಬ್ಬ ಲ್ಯಾಪ್‌ಟಾಪ್‌ಗೆಲ್ಲ ಕುಂಕುಮ ಇಡ್ತೀಯ. ನನ್ನ ಆಯುಸ್ಸಿನಲ್ಲಿ ಮೊದಲ್ನೇ ಸಲ ಮನೇಲಿ ನಿಜವಾದ ಆಯುಧ ಇದೆ, ಅದಕ್ಕೆ ಬೇಡ್ವಾ? ಸೊಂಡಿಲು ಚೆನ್ನಾಗಿರೋದನ್ನೇ ಆರಿಸ್ಕೊಂಡೆ. ದೇವರ ಸಾಮಾನು ತಿಕ್ಕೋ ಹಾಗೇ ತಿಕ್ಕಿದೀನಿ ಕಣೇ, ಅರ್ಧ ಗಂಟೆ ನೆನೆಹಾಕಿ.”

ಇಲ್ಲಿ ಒಂದು ವಿವರಣೆ ಅವಶ್ಯ. ನಮ್ಮ ವೃತ್ತಿಯಲ್ಲಿ ಮಾಲೀಕರ ಲಿಖಿತ ಅನುಮತಿಯಿಲ್ಲದೆ ಯಾವ ವಸ್ತುವನ್ನೂ ಶುಚಿಗೊಳಿಸತಕ್ಕದ್ದಲ್ಲ. ಧೂಳನ್ನು ಊದುವುದಕ್ಕೂ ಕೇಳಬೇಕು. ನಾನು ಕುರ್ಚಿಯಲ್ಲಿ ಕುಳಿತು, ನನ್ನ ಕೆಲಸ ಹೋಯಿತೆಂಬ ವಿಚಾರವನ್ನು ಮನಸ್ಸಿನಲ್ಲಿ ನಮೂದಿಸಿಕೊಳ್ಳುತ್ತಿರುವಾಗ ಅತ್ತೆಯವರು ಅಲಗಿನ ಉದ್ದಕ್ಕೂ ಬೆರಳಾಡಿಸುತ್ತ ಹೇಳಿದರು:

“ಮಾಡಿದವನು ಸಂಪ್ರದಾಯಸ್ಥ ಕಣೇ. ಈ ಕಡೆ ಐದು ತಗ್ಗು, ಆ ಕಡೆ ನಾಲ್ಕು. ಬಳೆ ತೊಡಿಸಿದ ಹಾಗೆ.”

“ಏನಂದ್ರಿ?”

“ಬಳೆ ಕಣೇ. ನಮ್ಮನೇಲಿ ಎರಡು ಕೈಗೂ ಸಮ ತೊಡ್ತಾರಾ? ಒಂದು ಕೈಗೆ ಒಂದು ಜಾಸ್ತಿ. ಎರಡೂ ಕೈಗೆ ಒಂದೇ ಲೆಕ್ಕ ಹಾಕಿದ್ರೆ ನಮ್ಮತ್ತೆ ಬಳೆಗಾರನ್ನೇ ವಾಪಸ್ ಕರೆಸ್ತಿದ್ರು. ನಿನಗೂ ಮದುವೇಲಿ ಹಾಗೇ ತೊಡಿಸಿದ್ದು, ಮರೆತ್ಯಾ?”

ನಾನು ಮರೆತಿರಲಿಲ್ಲ, ಆದರೆ ಅದನ್ನು ಇಲ್ಲಿಗೆ ಅನ್ವಯಿಸಿರಲಿಲ್ಲ. ಬಳುಕುವ ಅಲಗು ಒಂದು ಕಡೆ ಒಳಕ್ಕೆ ಬಾಗಿದರೆ ಮುಂದಿನ ಬಾಗು ಇನ್ನೊಂದು ಕಡೆ. ಹೀಗೆ ಒಂದಾದ ಮೇಲೊಂದು ಬಂದು, ಶುರುವಾದ ಕಡೆಯೇ ಮುಗಿಯುತ್ತದೆ. ಐದು ಮತ್ತು ನಾಲ್ಕು, ಒಂಬತ್ತು. ಐದು ಇರುವ ಅಂಚು ನನ್ನ ಸ್ಕೇಲಿಗೆ ಸಿಕ್ಕಿದ್ದರೆ ಹತ್ತು, ನಾಲ್ಕು ಇರುವ ಅಂಚು ಸಿಕ್ಕಿದ್ದರೆ ಎಂಟು. ಎರಡರಿಂದ ಗುಣಿಸಿದ ಯಾವ ಸಂಖ್ಯೆಯೂ ಎಂದೆಂದಿಗೂ ಬೆಸವಾಗಲಾರದು ಎಂಬುದು ಮೂರನೆಯ ತರಗತಿಯ ಗಣಿತ. ಆ ಅಲಗನ್ನು ಮುಟ್ಟಿ ಎಣಿಸಿ, ಒದ್ದೆ ಕೈಯಲ್ಲೇ ಉಳಿದ ಆರನ್ನೂ ಎರಡೂ ಕಡೆಯಿಂದ ಎಣಿಸಿದೆ. ಒಂಬತ್ತು, ಏಳು, ಏಳು, ಹದಿಮೂರು, ಏಳು, ಐದು. ಅತ್ಯಪರೂಪದ ಏಳು ಕೆರಿಸ್‌ಗಳು ಒಂದೇ ನಿಮಿಷದಲ್ಲಿ ಸಾಧಾರಣ ಕೆರಿಸ್‌ಗಳಾದವು. ಒಂಬತ್ತು ಲೊಕ್‌ನ ಸೆಂಪಾನಾ ಒಂದಲ್ಲ, ಎರಡು ಇದ್ದವು. ಒಂದು ತುಕ್ಕಿನಲ್ಲಿ, ಇನ್ನೊಂದು ಅತ್ತೆಯವರ ಕೈಯಲ್ಲಿ.

ಆ ತೊಳೆದ ಅಲಗಿನ ಮೇಲೆ ಬೂದು ಬಣ್ಣದ ನಡುವೆ ಬೆಳ್ಳಗೆ ಚಿತ್ತಾರ ಎದ್ದು ಕಾಣುತ್ತಿತ್ತು.

“ಅತ್ತೆ, ನೋಡಿ, ಅಕ್ಕಿ!”

ಅತ್ತೆಯವರು ಕನ್ನಡಕ ಸರಿಪಡಿಸಿಕೊಂಡರು. “ಅಕ್ಕಿ ಎಲ್ಲಿದ್ಯೇ? ಶ್ಯಾವಿಗೆ ಇದ್ದ ಹಾಗಿದೆ.”

“ಬಾಸ್ಮತಿ ಇರಬಹುದು, ಉದ್ದ ಅಕ್ಕಿ.”

“ಎರಡಡಿ ಉದ್ದದ ಬಾಸ್ಮತಿ ನಿಮ್ ಅಮೆರಿಕದಲ್ಲೇ ಬೆಳೀಬೇಕು.”

ನಾನು ಅವರ ಅಭಿಪ್ರಾಯವನ್ನು ಕಡೆಗಣಿಸಿದೆ. ಆ ಮಧ್ಯಾಹ್ನ ಗ್ರೆಗ್ ಅವರಿಗೆ ಪತ್ರ ಬರೆಯಲು ಕುಳಿತಾಗ ನನ್ನ ಮುಂದೆ ಎರಡು ದಾರಿಗಳಿದ್ದವು. ಚಿತ್ತಾರ ಮೊದಲಿನಿಂದಲೂ ಕಾಣುತ್ತಿತ್ತೆಂದು ಬರೆದರೆ ಕೆಲಸ ಉಳಿಯುತ್ತಿತ್ತು. ಆದರೆ ಈಗಾಗಲೇ ಒಂದು ಸುಳ್ಳನ್ನು ದಪ್ಪಕ್ಷರದಲ್ಲಿ ಬರೆದವಳು ನಾನು, ಅದು ಗೊತ್ತಿಲ್ಲದೆ ಬರೆದದ್ದಾಗಿದ್ದರೂ. ಆದ್ದರಿಂದ ಹೀಗೆ ಬರೆದೆ: ‘ಹಿಂದಿನ ವರದಿಯನ್ನು ಈ ಮೂಲಕ ಪೂರ್ಣವಾಗಿ ಹಿಂಪಡೆಯಲಾಗಿದೆ. ಎಣಿಕೆಯ ವಿಧಾನ ತಪ್ಪಾಗಿತ್ತು. ವಸ್ತು ಸಂಖ್ಯೆ ನಾಲ್ಕನ್ನು ಸಿಬ್ಬಂದಿಯ ಅತ್ತೆಯವರು ಅನುಮತಿಯಿಲ್ಲದೆ ಹುಣಸೆಹಣ್ಣಿನಿಂದ ತೊಳೆದಿರುತ್ತಾರೆ. ಸಂಪೂರ್ಣ ಹೊಣೆ ನನ್ನದು.’

ಗ್ರೆಗ್ ಕೂಡಲೇ ಫೋನ್ ಮಾಡಿದರು.

“ವನಜಾ. ಕವರ್ ಪೇಜ್ ಪ್ರಿಂಟ್ ಆಗಿದೆ.”

“ಕ್ಷಮಿಸಿ.”

“ಅಪರೂಪ ಅಂತ ಹಾಕಿದೀವಿ. ದೊಡ್ಡ ಅಕ್ಷರದಲ್ಲಿ.”

“ಕ್ಷಮಿಸಿ.”

“ಆಮೇಲೆ ಈ ಹುಣಸೆಹಣ್ಣು ಅಂದರೆ ಏನು? ಇದು ರೆಕಗ್ನೈಸ್ಡ್ ಮೆಥಡ್ಡಾ?”

ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಮಾನ್ಯತೆ ಪಡೆದ ವಿಧಾನವೆಂದು ತಿಳಿಸಿದೆ. ಅವರು ನಿಟ್ಟುಸಿರುಬಿಟ್ಟು ವಿಷಯವನ್ನು ವಕೀಲರಿಗೆ ಒಯ್ದರು.

ವಕೀಲರು ನ್ಯಾಯಸಮ್ಮತವಾದ, ಆದರೆ ನಾವ್ಯಾರೂ ನಿರೀಕ್ಷಿಸಿರದ ಆದೇಶವನ್ನು ಹೊರಡಿಸಿದರು. ಒಂಬತ್ತು ಲೊಕ್‌ನವು ಎರಡಿವೆ. ಒಂದನ್ನು ತೊಳೆದು ಇನ್ನೊಂದನ್ನು ಹಾಗೆಯೇ ಬಿಟ್ಟರೆ ಹೋಲಿಕೆ ಸಾಧ್ಯವಿಲ್ಲ. ಆದ್ದರಿಂದ ಎರಡನೆಯದನ್ನೂ ಅದೇ ವಿಧಾನದಲ್ಲಿ, ಅದೇ ವ್ಯಕ್ತಿಯಿಂದ, ಎಲ್ಲರೂ ನೋಡುತ್ತಿರುವಂತೆ ವೀಡಿಯೊ ಕಾಲ್‌ನಲ್ಲಿ ತೊಳೆಯತಕ್ಕದ್ದು. ಸಂಖ್ಯೆ ಹೊಂದಿದ ಈ ಎರಡನ್ನು ಮಾತ್ರ ಅರ್ಜಿದಾರರಿಗೆ ತೋರಿಸಬಹುದು. ಆಸ್ತಿಯ ಪರವಾಗಿ ಲಿಖಿತ ಅನುಮತಿಯನ್ನೂ ಕಳುಹಿಸಿದರು. ಅದರಲ್ಲಿ ಅತ್ತೆಯವರ ಹೆಸರಿನ ಮುಂದೆ ‘ಕನ್ಸರ್ವೇಟರ್’ ಎಂದಿತ್ತು. ಅದರ ಅರ್ಥವೇನೆಂದು ಕೇಳಿದಾಗ, ಹಳೆಯ ವಸ್ತುಗಳನ್ನು ಕಾಪಾಡುವವರು ಎಂದೆ. “ಮೈಸೂರಲ್ಲಿ ಐವತ್ತು ವರ್ಷದಿಂದ ನಿಮ್ಮ ಮಾವನ್ನ ಇನ್ನೇನು ಮಾಡ್ಕೊಂಡು ಬಂದೆ?” ಎಂದರು.

ನಿಗದಿತ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅತ್ತೆಯವರು ಮೈಸೂರು ರೇಷ್ಮೆ ಸೀರೆಯುಟ್ಟು ಸಿಂಕಿನ ಮುಂದೆ ನಿಂತರು. ಪರದೆಯ ಮೇಲೆ ಗ್ರೆಗ್, ವಕೀಲರು ಮತ್ತು ಬಿಳಿಯ ಹಿಜಾಬ್ ಧರಿಸಿದ್ದ ರೋಹಾನಾ. ನಾನು ಕ್ಯಾಮೆರಾ ಹಿಡಿದಿದ್ದೆ. ಸತೀಶ್ ಬಾಗಿಲಲ್ಲಿ ನಿಂತಿದ್ದರು. ಮೊದಲಿಗೆ, ಈಗಾಗಲೇ ತೊಳೆದಿದ್ದ ಕೆರಿಸನ್ನು ತೋರಿಸಿ, ಚಿತ್ತಾರವು ಹೊಂದುತ್ತದೆಯೇ ಎಂದು ವಕೀಲರು ಕೇಳಿದರು. ಆ ಕ್ಷಣದಲ್ಲಿ ರೋಹಾನಾ ‘ಹೌದು’ ಎಂದಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಹದಿನೇಳು ವರ್ಷ ಕಾದವರು. ಅಲಗು ಅವರೆದುರು ಫಳಫಳಿಸುತ್ತಿತ್ತು. ಅವರು ಮುಖವನ್ನು ಪರದೆಯ ಹತ್ತಿರಕ್ಕೆ ತಂದು ಬಹಳ ಹೊತ್ತು ನೋಡಿದರು.

“ಇಲ್ಲ. ಇದು ಅಕ್ಕಿ ಅಲ್ಲ. ನೂಡಲ್ಸ್.”

ಅತ್ತೆಯವರು ಇಂಗ್ಲಿಷಿನ ಆ ಒಂದು ಪದವನ್ನು ಹಿಡಿದು ನನ್ನ ಕಡೆ ತಿರುಗಿದರು. ವಕೀಲರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಸಿಕ್ಕಿದ್ದನ್ನು ತನ್ನದಲ್ಲವೆಂದ ಅರ್ಜಿದಾರರನ್ನು ತಾವು ಕಂಡಿರಲಿಲ್ಲವೆಂದು ಅವರು ಅನಂತರ ಗ್ರೆಗ್ ಬಳಿ ಹೇಳಿದರಂತೆ.

ಅತ್ತೆಯವರು ಎರಡನೆಯ ಕೆರಿಸನ್ನು ಎತ್ತಿಕೊಂಡು ಹುಣಸೆಹಣ್ಣಿನ ಪಾತ್ರೆಗೆ ಕೈಹಾಕುವಷ್ಟರಲ್ಲಿ ರೋಹಾನಾ ಕೂಗಿದರು.

“ನಿಲ್ಲಿಸಿ! ಗ್ಲೌಸ್ ಎಲ್ಲಿ? ಹಳೇ ಕೆರಿಸಿಗೆ ಆರ್ಸೆನಿಕ್ ಹಚ್ಚಿರ್ತಾರೆ!”

ಆರ್ಸೆನಿಕ್ ಎಂದರೆ ಪಾಷಾಣ. ಚಿತ್ತಾರ ಎದ್ದು ಕಾಣಲೆಂದು ಅಲಗಿಗೆ ಅದನ್ನು ಲೇಪಿಸುವ ಪದ್ಧತಿಯಿದೆ. ಇದನ್ನು ನಾನು ಓದಿದ್ದೆ. ನೋಟ್ ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆ. ಅತ್ತೆಯವರಿಗೆ ಭಾಷಾಂತರಿಸಿದೆ.

“ಅಯ್ಯೋ. ಅವತ್ತು ಬರಿ ಕೈಲೇ ತಿಕ್ಕಿದ್ನಲ್ಲೇ.”

“ಪಾತ್ರೆ?” ಎಂದು ಬಾಗಿ ಕೇಳಿದವರು ಸತೀಶ್. “ಅಮ್ಮ, ಆ ಪಾತ್ರೆ ಯಾವುದು?”

“ಇದೇ ಕಣೋ. ಸಾರಿಗೆ ಹುಳಿ ಕಿವುಚೋದು.”

ಸತೀಶ್ ನಿಧಾನವಾಗಿ ನೆಲದ ಮೇಲೆ ಕುಳಿತುಕೊಂಡರು. ಆಯುಧಪೂಜೆಯ ದಿನ ಅವರು ಮೂರು ಸಲ ಸಾರು ಬಡಿಸಿಕೊಂಡಿದ್ದರು. ಮೀಟಿಂಗನ್ನು ಹತ್ತು ನಿಮಿಷ ಮುಂದೂಡಲಾಯಿತು. ವಿಷ ಸಂಬಂಧಿ ಸಹಾಯವಾಣಿಗೆ ಫೋನ್ ಮಾಡಿ, ಘಟನೆ ನಡೆದು ಐದು ದಿನವಾಗಿದೆಯೆಂದೂ, ಮನೆಯವರಾರಿಗೂ ಏನೂ ಆಗಿಲ್ಲವೆಂದೂ ತಿಳಿಸಿದೆ. ಆ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ, ಲಕ್ಷಣಗಳೇನಾದರೂ ಕಂಡರೆ ವೈದ್ಯರ ಬಳಿ ಹೋಗಿ ಎಂದರು. ವಾಂತಿ, ಹೊಟ್ಟೆನೋವು ಇದೆಯೇ ಎಂದು ಕೇಳಿದಾಗ ಸತೀಶ್ “ಈಗ ಶುರುವಾಯ್ತು” ಎಂದರು.

“ಐದು ದಿನದಿಂದ ಮೂರು ಹೊತ್ತೂ ತಿಂದ್ಕೊಂಡಿದ್ಯಲ್ಲೋ, ಈಗೇನು ಬಂತು?” ಎಂದು ಅತ್ತೆಯವರು ಗದರಿಸಿ, ಪಾತ್ರೆ ತೊಳೆಯುವ ಹಳದಿ ಗ್ಲೌಸ್‌ಗಳನ್ನು ರೇಷ್ಮೆ ಸೀರೆಯ ಮೇಲೆ ಮೊಣಕೈಯವರೆಗೆ ಏರಿಸಿಕೊಂಡು ಕೆಲಸ ಆರಂಭಿಸಿದರು.

ಮೊದಲ ಹತ್ತು ನಿಮಿಷ ಕಂದು ನೀರು ಮಾತ್ರ ಹರಿಯಿತು. ಅನಂತರ ಅಲಗಿನ ಬುಡದಲ್ಲಿ ಎಳ್ಳಿನಷ್ಟು ಒಂದು ಬಿಳಿ ಚುಕ್ಕೆ ಕಂಡಿತು. ಅದರ ಪಕ್ಕ ಇನ್ನೊಂದು. ಅತ್ತೆಯವರು ತಿಕ್ಕುವುದನ್ನು ನಿಲ್ಲಿಸಿ ನೀರು ಬಿಟ್ಟರು. ಸೊಂಡಿಲಿನಿಂದ ಮೊದಲ ಬಾಗಿನವರೆಗೆ, ಅಲ್ಲಿಂದ ಎರಡನೆಯದಕ್ಕೆ, ಮುಷ್ಟಿಯಿಂದ ಜಾರಿದಂತೆ, ಒತ್ತೊತ್ತಾಗಿ ಒಂದೆಡೆ, ವಿರಳವಾಗಿ ಇನ್ನೊಂದೆಡೆ, ಕಾಳು ಕಾಳಾಗಿ ಅಕ್ಕಿ ಚೆಲ್ಲಿತ್ತು.

ರೋಹಾನಾ ತಮ್ಮ ಬಾಯಿಗೆ ಅಂಗೈ ಒತ್ತಿಕೊಂಡಿದ್ದರು. ಅತ್ತೆಯವರು ಕ್ಯಾಮೆರಾದ ಕಡೆ ಅಲಗನ್ನು ಚಾಚಿ ಕನ್ನಡದಲ್ಲೇ ಕೇಳಿದರು: “ಇದೇನಾ ರೋಹಾನಮ್ಮ, ನಿಮ್ಮ ತಂದೇದು?” ಯಾರೂ ಭಾಷಾಂತರಿಸಲಿಲ್ಲ. ರೋಹಾನಾ ಹೌದೆಂದು ತಲೆಯಾಡಿಸಿದರು.

ವಕೀಲರ ಒಪ್ಪಿಗೆ ಎರಡು ದಿನಗಳಲ್ಲಿ ಬಂತು. ಗ್ರೆಗ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಲಿಖಿತ ಎಚ್ಚರಿಕೆ ನೀಡಿದರು, ಅದು ಈಗಲೂ ನನ್ನ ಕಡತದಲ್ಲಿದೆ. ನವೆಂಬರಿನಲ್ಲಿ ನಾವು ಮೂವರೂ ಕೆರಿಸನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕಾರಿನ ಟ್ರಂಕ್‌ನಲ್ಲಿಟ್ಟು ಅಟ್ಲಾಂಟಾಕ್ಕೆ ಹೊರಟೆವು. ನಾರ್ತ್ ಕ್ಯಾರೊಲೈನಾ ದಾಟಿ ಸೌತ್ ಕ್ಯಾರೊಲೈನಾದ ಒಂದು ರೆಸ್ಟ್ ಏರಿಯಾದಲ್ಲಿ ಚಪಾತಿ ತಿನ್ನುತ್ತಿರುವಾಗ, ಕೊರಿಯರ್‌ನಲ್ಲಿ ಕಳುಹಿಸಬಹುದಿತ್ತಲ್ಲ ಎಂದು ಸತೀಶ್ ಗೊಣಗಿದರು. “ಹೆಣ್ಣುಮಗಳ ತವರಿನ ವಸ್ತು ಕಣೋ. ಬಾಗಿಲಲ್ಲಿ ಬಿಸಾಕಿ ಹೋಗೋಕಾಗತ್ತಾ?” ಎಂಬುದು ಅತ್ತೆಯವರ ಉತ್ತರವಾಗಿತ್ತು.

ರೋಹಾನಾ ತಮ್ಮ ಮನೆಯ ಮುಂಜಗಲಿಯಲ್ಲಿ ಕಾಯುತ್ತಿದ್ದರು. ಎಲ್ಲರೂ ಮಾಸ್ಕ್ ಧರಿಸಿದ್ದೆವು. ನಾನು ಪೆಟ್ಟಿಗೆಯನ್ನೂ ಸ್ವೀಕೃತಿ ಪತ್ರವನ್ನೂ ಮೇಜಿನ ಮೇಲಿಟ್ಟು ಆರಡಿ ಹಿಂದೆ ಸರಿದೆ. ಅವರು ಪತ್ರವನ್ನು ಮುಟ್ಟಲಿಲ್ಲ. ಕೆರಿಸನ್ನು ಎರಡೂ ಕೈಯಲ್ಲೆತ್ತಿ ಹಣೆಗೆ ತಾಗಿಸಿಕೊಂಡು, ಒರೆಯಿಂದ ಹೊರತೆಗೆದು, ಹೆಬ್ಬೆರಳಿನಿಂದ ಒಂದೊಂದೇ ಬಾಗನ್ನು ಮುಟ್ಟುತ್ತ ತಮ್ಮ ಭಾಷೆಯಲ್ಲಿ ಮೆಲ್ಲಗೆ ಎಣಿಸತೊಡಗಿದರು. ಈ ಕಡೆ ಒಂದು, ಆ ಕಡೆ ಒಂದು. ತುದಿ ತಲುಪಿದಾಗ ಬಂದ ಪದ ‘ಸೆಂಬಿಲಾನ್’. ಒಂಬತ್ತು. ಆಮೇಲೆಯೇ ಅವರು ಸಹಿ ಹಾಕಿದ್ದು.

“ಒಂದು ಮಾತು ಹೇಳಲಾ ಮಗಳೇ?” ಎಂದರು. “ನಿಮ್ಮ ಮೊದಲ ರಿಪೋರ್ಟ್ ಬಂದಾಗ ನಾನು ನಿಮ್ಮನ್ನ ಅನುಮಾನಿಸಲಿಲ್ಲ. ಅಷ್ಟು ಚೆನ್ನಾಗಿ ಬರೆದಿತ್ತು ಆ ಸಾಲು. ಅಪ್ಪನೇ ತಪ್ಪು ಬರೆದಿರಬೇಕು ಅಂದುಕೊಂಡೆ. ಒಂದು ತಿಂಗಳು ಪೂರ್ತಿ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.”

ಅವರು ಇದನ್ನು ನಗುತ್ತಲೇ ಹೇಳಿದರು. ಅಷ್ಟರಲ್ಲಿ ಅತ್ತೆಯವರು ಅವರ ಅಂಗಳದ ಕರಿಬೇವಿನ ಗಿಡವನ್ನು ಕಂಡು ಅತ್ತ ನಡೆದಿದ್ದರು; ಇಬ್ಬರು ಹಿರಿಯರೂ ಇಬ್ಬರಿಗೂ ಬರುವ ಒಂದೂ ಭಾಷೆಯಿಲ್ಲದೆ ಅರ್ಧ ಗಂಟೆ ಗಿಡದ ವಿಚಾರ ಮಾತನಾಡಿದರು.

ಈ ಪ್ರಕರಣದಿಂದ ನಾನು ಕಲಿತದ್ದನ್ನು ನಿವೇದಿಸಿ ಮುಗಿಸುತ್ತೇನೆ. ‘ಇದೆ’ ಎಂದು ತಪ್ಪಾಗಿ ಬರೆದರೆ ಕೊಳ್ಳಲು ಬಂದವರು ಯಾರಾದರೂ ನೋಡಿ ತಿದ್ದುತ್ತಾರೆ. ‘ಇಲ್ಲ’ ಎಂದು ಬರೆದದ್ದನ್ನು ತಿದ್ದಲು ಯಾರೂ ಬರುವುದಿಲ್ಲ. ಕಳೆದುಕೊಂಡವರು ಅದನ್ನು ನಂಬಿ ಮನೆಗೆ ಹೋಗುತ್ತಾರೆ. ಆದಕಾರಣ 2020ರ ನವೆಂಬರಿನಿಂದೀಚೆಗೆ ನಾನು ಸಲ್ಲಿಸಿದ ಯಾವ ವರದಿಯಲ್ಲಿಯೂ ‘ಪತ್ತೆಯಾಗಿಲ್ಲ’ ಎಂದು ಬರೆದಿಲ್ಲ. ‘ನಾನು ಹೀಗೆ ಹುಡುಕಿದೆ, ಹೀಗೆ ಹುಡುಕಿದಾಗ ನನಗೆ ಸಿಗಲಿಲ್ಲ’ ಎಂದು ಬರೆಯುತ್ತೇನೆ, ಹುಡುಕಿದ ವಿಧಾನವನ್ನೂ ಕೆಳಗೆ ಕಾಣಿಸುತ್ತೇನೆ. ಸಾಲು ಉದ್ದವಾಯಿತೆಂದು ಗ್ರೆಗ್ ಪ್ರತಿ ಸಲವೂ ಹೊಡೆದುಹಾಕುತ್ತಾರೆ. ನಾನು ಪ್ರತಿ ಸಲವೂ ಮತ್ತೆ ಸೇರಿಸಿ ಕಳುಹಿಸುತ್ತೇನೆ.